ಪಿಲಿಗೆ ಅಂಜಲ್

ಪೃಥ್ವಿರಾಜ್ ಅಡುಗೆಮನೆಯ ನೆಲದಲ್ಲಿ ಮಂಡಿಯೂರಿ, ಮೊಬೈಲಿನ ಬೆಳಕನ್ನು ಅಕ್ಕಿ ಡಬ್ಬದ ಹಿಂದೆ ಬಿಟ್ಟ. ಇತ್ತು. ಇವತ್ತೂ ಇತ್ತು. ಕಪ್ಪಗೆ, ಉದ್ದುದ್ದ, ಎರಡೂ ತುದಿ ಸಣ್ಣಗಾದ ಇಲಿ ಹಿಕ್ಕೆ.

"ಅಮ್ಮಾ!" ಎಂದು ಕೂಗಿ, ತಕ್ಷಣ ದನಿ ತಗ್ಗಿಸಿದ. ಪಕ್ಕದ ಮನೆಯ ರೊಸಾಲಿನ್‌ಗೆ ಕೇಳಿಸಿದರೆ ಇಡೀ ಮಣ್ಣಗುಡ್ಡಕ್ಕೆ ಕೇಳಿಸಿದ ಹಾಗೆ.

ಕಂಕನಾಡಿಯಲ್ಲಿ ಅವನ ಹೊಸ ಹೋಟೆಲ್ ಇನ್ನೇನು ತೆರೆಯುವುದರಲ್ಲಿತ್ತು. ಮಳೆಗಾಲದಿಂದಲೂ ಅದು ಇನ್ನೇನು ತೆರೆಯುವುದರಲ್ಲೇ ಇತ್ತು. ಇದ್ದದ್ದನ್ನೆಲ್ಲ ಅದಕ್ಕೇ ಸುರಿದಿದ್ದ. ಹೋಟೆಲಿನವನ ಮನೆಯಲ್ಲೇ ಇಲಿ ಎಂದು ಸುದ್ದಿಯಾದರೆ ಅಲ್ಲಿಗೆ ಉಣ್ಣಲು ಯಾರು ಬರುತ್ತಾರೆ? ಇಲಿ ಹಿಡಿಯುವ ಕಂಪನಿಯವರನ್ನು ಕರೆಸೋಣವೆಂದರೆ ಅವರ ವ್ಯಾನಿನ ಮೇಲೆ ಆಳೆತ್ತರದ ಇಲಿಯ ಚಿತ್ರ. ಅದು ಗೇಟಿನ ಮುಂದೆ ಬಂದು ನಿಂತರೆ ಉದ್ಘಾಟನೆ ಅಲ್ಲಿಗೇ ಮುಗಿಯಿತು.

ಮನೆಯಲ್ಲಿ ಬೆಕ್ಕುಗಳಿರಲಿಲ್ಲವೆಂದಲ್ಲ. ತಾಯಿ ಉಮಾವತಿಯಮ್ಮ ಪ್ರಾಣದಂತೆ ಸಾಕಿದ್ದು ಎರಡಿದ್ದವು. ದೊಡ್ಡದರ ಹೆಸರು ಪಿಲಿ. ತುಳುವಿನಲ್ಲಿ ಹುಲಿ ಎಂದರ್ಥ. ಈ ಹುಲಿ ದಿನವಿಡೀ ಸೋಫಾದ ಮೇಲೆ ಮಲಗಿ, ಎಚ್ಚರವಾದಾಗ ಮಗ್ಗುಲು ಬದಲಿಸುತ್ತಿತ್ತು. ಚಿಕ್ಕದು ಬೊಳ್ಳಿ, ಅದಕ್ಕೆ ಅಷ್ಟು ಶ್ರಮವೂ ಆಗಿಬರುತ್ತಿರಲಿಲ್ಲ. ಹಿಕ್ಕೆ ತೋರಿಸಿದರೆ ಎರಡೂ ಮೂಸಿ ನೋಡಿ, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೊರಟುಹೋಗುತ್ತಿದ್ದವು.

"ವಿಷ ಇಡ್ತೇನೆ," ಎಂದ ಪೃಥ್ವಿರಾಜ್.

"ಇಡು ಮಗಾ. ವಿಷ ತಿಂದ ಇಲಿಯನ್ನು ಪಿಲಿ ತಿಂದು ಗೇಟಿನ ಹತ್ತಿರ ಸತ್ತು ಬೀಳಲಿ. ರೊಸಾಲಿನ್ ಓಡಿ ಬಂದು, ಎಂತ ಆಯ್ತು ಉಮಕ್ಕ ಅಂತ ಕೇಳಲಿ," ಎಂದರು ಉಮಾವತಿಯಮ್ಮ.

ವಿಷ ಬೇಡವಾಯಿತು. ಬೋನು ಬಂತು. ಅದರೊಳಗಿನ ಕೊಬ್ಬರಿ ಚೂರು ಯಾರೂ ಮುಟ್ಟದೆ ಬೂಸ್ಟು ಹಿಡಿಯಿತು. ಈಗಿನ ಇಲಿಗಳಿಗೆ ಬುದ್ಧಿ ಜಾಸ್ತಿ, ಎಂದ ಪೃಥ್ವಿರಾಜ್. ಗುಡಿಸಿ ಅಂಗಳಕ್ಕೆ ಚೆಲ್ಲಿದ ಹಿಕ್ಕೆಯನ್ನು ರೊಸಾಲಿನ್‌ಳ ಕೋಳಿಗಳು ಓಡಿ ಬಂದು ಹೆಕ್ಕಿ ತಿಂದವು. ಥೂ, ಎಂದ. ಅವತ್ತಿನಿಂದ ಅವಳ ಮನೆಯ ಮೊಟ್ಟೆ ತಿನ್ನುವುದನ್ನು ಬಿಟ್ಟ.

"ಪ್ಯಾಕೆಟಿನ ಕಾಳು ತಿನ್ನುವ ಬೆಕ್ಕು ಇಲಿ ಹಿಡೀತದಾ ಮಾರಾಯ? ಮೀನಿನ ಪರಿಮಳ ಮೂಗಿಗೆ ಬಿದ್ದರೆ ಅಲ್ವಾ ಅದಕ್ಕೆ ಬೇಟೆಯ ನೆನಪಾಗುವುದು," ಎಂದರು ತಾಯಿ.

ಮೀನು! ಆ ಮನೆಯಲ್ಲಿ ಅದರ ಮಾತೆತ್ತುವಂತಿರಲಿಲ್ಲ. ಹೋಟೆಲ್ ತೆರೆಯುವವರೆಗೆ ಮನೆಯ ಊಟದ ಮೇಜಿಗೆ ಮೀನು ತರುವುದಿಲ್ಲವೆಂದು ಪೃಥ್ವಿರಾಜ್ ದೈವಕ್ಕೆ ಹರಕೆ ಹೊತ್ತಿದ್ದ. ಯಾರನ್ನೂ ಕೇಳದೆ ಹೊತ್ತಿದ್ದ. ಅವನಿಗೇನು ಕಷ್ಟ? ಮಧ್ಯಾಹ್ನ ಊರಿನ ಒಂದೊಂದೇ ಮೀನೂಟದ ಹೋಟೆಲಿಗೆ ಹೋಗಿ ಚೆನ್ನಾಗಿ ಉಂಡು ಬರುತ್ತಿದ್ದ. ಅದು ವ್ಯಾಪಾರದ ಅಧ್ಯಯನ. ಹೆಂಡತಿ ಸಂಚಿತಾ ಬ್ಯಾಂಕಿನ ಕ್ಯಾಂಟೀನಿನಲ್ಲಿ ಅದೇ ಅಧ್ಯಯನ ಮುಂದುವರಿಸಿದ್ದಳು. ಹುಟ್ಟಿದಂದಿನಿಂದ ಮೀನಿಲ್ಲದೆ ಗಂಜಿ ಇಳಿಯದ ಉಮಾವತಿಯಮ್ಮ ಮಾತ್ರ ಮನೆಯಲ್ಲಿ ಒಬ್ಬರೇ ಕುಳಿತು ಉಪ್ಪಿನಕಾಯಿ ನೆಕ್ಕುತ್ತಿದ್ದರು.

"ಹರಕೆ ಇರುವುದು ನಮ್ಮ ಮೇಜಿಗೆ. ಬೆಕ್ಕಿಗೆ ಮೇಜು ಎಲ್ಲಿ ಉಂಟು?" ಎಂದು ಅವರು ಕೇಳಿದಾಗ ಪೃಥ್ವಿರಾಜ್ ಪರ್ಸ್ ತೆಗೆದು ಮೀನಿನ ದುಡ್ಡು ಕೊಟ್ಟ.

ಮೀನು ಮಾರುವ ಲಕ್ಷ್ಮೀ ಮತ್ತೆ ಗೇಟು ತಟ್ಟತೊಡಗಿದಳು. ಹಸಿ ಮೀನು ಕೊಟ್ಟರೆ ಬೆಕ್ಕಿಗೆ ಹೊಟ್ಟೆಹುಳ ಆಗುತ್ತದೆಂದು ಉಮಾವತಿಯಮ್ಮ ಅದನ್ನು ಕಾಯಿಸಿಯೇ ಕೊಡುತ್ತಿದ್ದರು. ಜನ ನೋಡುತ್ತಿದ್ದರೆ ಬೆಕ್ಕು ಸಮ ತಿನ್ನುವುದಿಲ್ಲವೆಂದು ಮಗ, ಸೊಸೆ ಹೊರಟ ಮೇಲೆಯೇ ಬಡಿಸುತ್ತಿದ್ದರು. ಕಾಳಿನ ಪ್ಯಾಕೆಟ್ ಮಾತ್ರ ಮೊದಲಿನಷ್ಟೇ ಬೇಗ ಖಾಲಿಯಾಗುತ್ತಿತ್ತು.

ಫಲವೂ ಕಂಡಿತು. ಅಗ್ಗದ ಬೂತಾಯಿ ಮೀನು ತಂದಾಗ ಹಿಕ್ಕೆ ಒಂದಿಷ್ಟು ಇಳಿಯಿತು. ಬಂಗುಡೆ ತಂದಾಗ ಅರ್ಧಕ್ಕರ್ಧ. ಅಂಜಲ್ ತಂದ ದಿನ ಹುಡುಕಿದರೆ ಮಾತ್ರ ಸಿಗುವಷ್ಟು. ದುಬಾರಿಯಾಯಿತೆಂದು ಮತ್ತೆ ಬೂತಾಯಿಗೆ ಇಳಿದರೆ ಹಿಕ್ಕೆ ಏರಿತು.

"ಎಲ್ಲ ಪ್ರೋಟೀನಿನ ವಿಷಯ," ಎಂದು ಪೃಥ್ವಿರಾಜ್ ಹೆಂಡತಿಗೆ ವಿವರಿಸಿದ.

"ಅತ್ತೆ ಈಗೀಗ ಭಾರೀ ಗೆಲುವಾಗಿದ್ದಾರೆ ಅಲ್ವಾ?" ಎಂದಳು ಸಂಚಿತಾ. "ಮೊನ್ನೆ ಮೊನ್ನೆವರೆಗೆ ಮಂಕಾಗಿದ್ರು. ಒಲೆಯಲ್ಲಿ ಏನಾದರೂ ಸೀದು ಹೋಗುವುದು ಮಾತ್ರ ನಿಂತಿಲ್ಲ."

"ವಯಸ್ಸಾಯ್ತು, ಮರೆವು. ಗೆಲುವು ಇಲಿ ಕಡಿಮೆಯಾದದ್ದಕ್ಕೆ."

ಆದರೆ ಅದೇ ವಾರ, ಬೂತಾಯಿಯ ಕಾಲದಲ್ಲಿ, ಉದ್ಘಾಟನೆಯ ಕರೆಯೋಲೆಗಳ ಕಟ್ಟಿನ ಮೇಲೆಯೇ ಹಿಕ್ಕೆ ಬಿತ್ತು. ಪೃಥ್ವಿರಾಜ್‌ನ ಪಿತ್ತ ನೆತ್ತಿಗೇರಿತು. ರಟ್ಟಿನ ಪೆಟ್ಟಿಗೆ ತಂದು ಎರಡೂ ಬೆಕ್ಕುಗಳನ್ನು ಅದರೊಳಗೆ ತುರುಕಿದ.

"ಇವನ್ನು ಬಂದರಿನ ದಕ್ಕೆಯಲ್ಲಿ ಬಿಟ್ಟು ಬರ್ತೇನೆ. ಬೋಟಿನವರ ಕಾಲಡಿ ಬೇಕಾದಷ್ಟು ಮೀನುಂಟು, ತಿಂದುಕೊಂಡಿರಲಿ!"

ಉಮಾವತಿಯಮ್ಮ ಓಡಿ ಬಂದರು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು.

"ತಪ್ಪಾಯ್ತು ಮಗಾ," ಎಂದುಬಿಟ್ಟರು. "ಪಿಲಿಯ ಪರವಾಗಿ ನಾನು ಹೇಳ್ತಾ ಇರುವುದು. ಒಂದು ದಿನ ತಡಿ. ಇವತ್ತೊಂದು ಅಂಜಲ್ ತರಿಸು. ನಾಳೆ ಒಂದೇ ಒಂದು ಹಿಕ್ಕೆ ಕಂಡರೂ ನಾನೇ ರಿಕ್ಷಾದಲ್ಲಿ ಕೊಂಡುಹೋಗಿ ಬಿಡ್ತೇನೆ."

ಅಂಜಲ್ ಬಂತು. ಮರುದಿನ ಬೆಳಿಗ್ಗೆ ಪೃಥ್ವಿರಾಜ್ ಡಬ್ಬದ ಹಿಂದೆ, ಸಿಂಕಿನ ಕೆಳಗೆ, ಗ್ಯಾಸ್ ಸಿಲಿಂಡರಿನ ಮರೆಯಲ್ಲಿ, ಎಲ್ಲ ಕಡೆ ಬೆಳಕು ಬಿಟ್ಟು ನೋಡಿದ. ಒಂದೂ ಇಲ್ಲ. ಸೋಫಾದಿಂದ ಪಿಲಿಯನ್ನು ಎತ್ತಿಕೊಂಡು, "ಹುಲಿ ಅಂದರೆ ನೀನು ಮಾರಾಯ!" ಎಂದು ಮುದ್ದಿಸಿದ. ಪಿಲಿ ಆಕಳಿಸಿತು.

"ಇಲಿ ಹೋಯ್ತಲ್ಲ ಅಮ್ಮ. ಇನ್ನು ಬೆಕ್ಕಿಗೆ ಕಾಳು ಸಾಕು. ನಾಳೆಯಿಂದ ಮೀನು ಬೇಡ ಅಂತ ಲಕ್ಷ್ಮೀಗೆ ಹೇಳ್ತೇನೆ."

"ಆಯ್ತು ಮಗಾ. ನಿನಗೆ ಗೊತ್ತಿಲ್ಲದ್ದು ಎಂತ ಉಂಟು?" ಎಂದರು ಉಮಾವತಿಯಮ್ಮ.

ಮಗ, ಸೊಸೆಯ ಕಾರು ಗೇಟು ದಾಟಿತು. ಉಮಾವತಿಯಮ್ಮ ಬೆಕ್ಕುಗಳ ಬಟ್ಟಲಿಗೆ ಕಾಳು ಸುರಿದರು. ಹರಕೆಗೆ ಭಂಗ ಬರಬಾರದೆಂದು ಮೇಜು ಬಿಟ್ಟು ನೆಲದ ಮೇಲೆ ಮಣೆ ಹಾಕಿ ಕುಳಿತು, ಉಳಿದಿದ್ದ ಅಂಜಲ್ ತುಂಡುಗಳನ್ನು ಗಂಜಿಯೊಂದಿಗೆ ಮುಗಿಸಿ ಬೆರಳು ಚೀಪಿದರು.

ಆಮೇಲೆ ಒಂದು ಹಿಡಿ ಕುಚ್ಚಲಕ್ಕಿಯನ್ನು ಒಲೆಯ ಮೇಲಿನ ಕಾವಲಿಗೆ ಹಾಕಿ, ಇಲಿ ಹಿಕ್ಕೆಯ ಬಣ್ಣ ಬರುವವರೆಗೆ ಹುರಿಯತೊಡಗಿದರು.