ಕೌದಿಗೆ ಸೇರಿದ ಸೆರಗು

ಬಾಗಿಲಲ್ಲಿ ಟ್ಯಾಕ್ಸಿ ಮತ್ತೆ ಹಾರ್ನ್ ಹೊಡೆಯಿತು. ಮೊಮ್ಮಗಳ ಕೌದಿಗೆ ಕೊನೆಯ ಹೊಲಿಗೆ ಹಾಕಿ, ದಾರ ಕಚ್ಚಿ ತುಂಡರಿಸಿ ಅಮ್ಮ ಎದ್ದಳು. ಮಗಳ ಕೈಗೆ ಕೊಡಲು ಹೋದರೆ ಕೌದಿ ಅಮ್ಮನನ್ನು ಬಿಡಲೊಲ್ಲದು. ಅವಸರದಲ್ಲಿ ತನ್ನ ಸೆರಗನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು!

“ಬಿಚ್ಚಿ ಹೊಲೀಬೇಕಲ್ಲೇ. ನೀವು ಹೊರಡಿ, ಆಮೇಲೆ ಕಳಿಸ್ತೀನಿ,” ಅಂದಳು. ದನಿ ಇಳಿದಿತ್ತು. ಕೂಸು ಇದನ್ನು ಹೊದ್ದು ಹೊರಡುವುದನ್ನು ಕಣ್ಣಾರೆ ನೋಡಬೇಕೆಂದೇ ಇಷ್ಟು ದಿನ ಹೊಲಿದಿದ್ದಳು.

ಮಗಳು ಕೂಸನ್ನು ಗಂಡನ ಕೈಗೆ ದಾಟಿಸಿ, ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದಳು.

“ಏಯ್, ಹೊಸ ಸೀರೆ ಕಣೇ!”

“ಕೌದಿಗೆ ಅಂತ ನೀನು ಕತ್ತರಿಸಿದ ನನ್ನ ಫ್ರಾಕುಗಳೂ ಹೊಸವೇ ಇದ್ದವಮ್ಮ.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ತಾನೇ ಸೆರಗನ್ನು ಬಿಗಿಯಾಗಿ ಎಳೆದು ಹಿಡಿದಳು. “ಸೊಟ್ಟಗೆ ಕತ್ತರಿಸ್ಬೇಡ. ಅಂಚು ಮಡಚೋಕೆ ಸ್ವಲ್ಪ ಬಟ್ಟೆ ಬಿಡು.”