ಯಾರ ಲೆನ್ಸು ಮೇಲು

ಹೊಸ ಕ್ಯಾಮೆರಾ ಚೀಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಹಲ್ಲು ಕಚ್ಚುತ್ತೇನೆ.

ಅಂದು ಮಧ್ಯಾಹ್ನ ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಮತ್ತು ಹೊನ್ನಾಳಿಯಿಂದ ಬಂದಿದ್ದ ಅವರ ಗೆಳೆಯ ತಮ್ಮ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಹೊಸ ಚೀಲಗಳಿಂದ ಹೊರತೆಗೆದು ಹೋಲಿಸುತ್ತಿದ್ದರು. ಚಪ್ಪಲಿ, ನೀರಿನ ಕೊಡ, ಮಲಗಿದ್ದ ಬೆಕ್ಕು, ಕಂಡದ್ದನ್ನೆಲ್ಲ ಇಬ್ಬರೂ ತೆಗೆದು, ಯಾರ ಲೆನ್ಸು ಮೇಲೆಂದು ವಾದಿಸಿದರು. ಆಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕಡೆ ತಿರುಗಿ ಅವಳ ಫೋಟೋ ತೆಗೆದರು.

“ನಿಮ್ಮ ಲೆನ್ಸು ಭಾರಿ ಐತೆ ಬಿಡ್ರಿ. ಕೆನ್ನೆ ಮ್ಯಾಲಿನ ಬಾವು ಸೈತ ಎಷ್ಟು ಚೆಂದ ಬಂದೈತೆ!” ಎಂದರು ಗೆಳೆಯ.

“ಬಚ್ಚಲಾಗೆ ಜಾರಿ ಬಿದ್ಲು,” ಎಂದು ಅಪ್ಪ ನಕ್ಕರು. ಹಿಂದಿನ ಸಂಜೆ ಆ ಏಟಿನ ಸದ್ದು ಕೇಳಿದ್ದ ನನಗೆ ಆ ನಗು ನೋಡಿ ಮೈ ಉರಿಯಿತು.

ಅಮ್ಮ ಮೊರ ಬದಿಗಿಟ್ಟು ಎದ್ದಳು. “ಜಾರಿದ್ದು ನಾನಲ್ಲ ಅಣ್ಣಾರೆ, ಇವರ ಕೈ. ಅದನ್ನೂ ಒಂದು ತೆಗೀರಿ.”

ಗೆಳೆಯ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡರು. ಅಮ್ಮ ಅಪ್ಪನ ಕ್ಯಾಮೆರಾ ಕಸಿದು ನನಗೆ ಕೊಟ್ಟಳು. “ನೀನಾರ ತೆಗಿ ಮಗಳೆ.”

ಅಪ್ಪ ತಟ್ಟನೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಸಿಟ್ಟಿನಿಂದ ಅವರ ಹಿಂದಕ್ಕೆ ಹೋಗಿ ಗುಂಡಿ ಒತ್ತಿದೆ.