ಬಿದಿರು ಮೆಳೆಯ ಹಿಂದೆ

"ತಲೆ ತಗ್ಗಿಸಕ್ಕ. ಭಾವ ಈ ಕಡೆಗೇ ನೋಡ್ತಿದಾರೆ."

ಅಕ್ಕ ಟಿಕೆಟ್ ಕೌಂಟರಿನ ಕಂಬದ ಹಿಂದೆ ಸರಿದಳು. ಮಹಾನಗರದ ಕೊನೆಯ ಬಸ್ ನಿಲ್ದಾಣ ದಾಟಿದರೆ ಈ ರಾಷ್ಟ್ರೀಯ ಉದ್ಯಾನ. ಅವಳ ಗಂಡ ಬೀಗ ರಿಪೇರಿಯವನು. ಪ್ರತಿ ಭಾನುವಾರ "ಅಂಗಡೀಲಿ ಕೆಲಸ ಇದೆ" ಎಂದು ಹೊರಡುವವನು ಬರುವುದು ಇಲ್ಲಿಗೆ ಎಂದು ಇವತ್ತೇ ಗೊತ್ತಾದದ್ದು. ಕಾಡಿನಲ್ಲಿ ಯಾವ ಬೀಗ?

ಅನುಮಾನ ಹಳೆಯದು. ಮನೆಯಲ್ಲಿ ಇಬ್ಬರ ಹಾಸಿಗೆ ಬೇರೆಯಾಗಿ ವರ್ಷವಾಗಿತ್ತು. ರಾತ್ರಿ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ, ಇವಳು ಅವನನ್ನು ಬೈಯುತ್ತಾಳೆ, ಅವನು ಬೆಳಗಿನ ತನಕ ಸೂರು ನೋಡುತ್ತಾನೆ. ವಾರವಿಡೀ ಬಾಡಿದ ಮುಖ. ಭಾನುವಾರ ಸಂಜೆ ಮಾತ್ರ ಹೊಸ ಮದುಮಗನ ಹಾಗೆ ಕಳಕಳಿಸುತ್ತ ಬರುತ್ತಾನೆ. ಅಂಗಿಯ ಬೆನ್ನಿಗೆ ಒಣಹುಲ್ಲು.

"ಹುಲ್ಲು ಸುಮ್‌ಸುಮ್ನೆ ಬೆನ್ನಿಗೆ ಅಂಟತ್ತಾ?" ಎಂದು ಕೇಳಿದ್ದವಳು ತಂಗಿಯೇ. ಈಗ ಅವಳ ಹೆಗಲಲ್ಲಿ ಅಕ್ಕನ ಬಟ್ಟೆ ತುಂಬಿದ ಬ್ಯಾಗ್ ಇತ್ತು. ವಿಷಯ ನಿಜವಾದರೆ ಅಕ್ಕ ಇಲ್ಲಿಂದ ನೇರ ತಂಗಿಯ ಮನೆಗೆ. ಮತ್ತೆ ಹಿಂದಿರುಗುವ ಮಾತಿಲ್ಲ.

ಗೇಟಿನಲ್ಲಿ ಸಫಾರಿ ಗೈಡ್ ಗಂಡನ ಹೆಗಲ ಮೇಲೆ ಕೈ ಹಾಕಿದ.

"ಬಾರಯ್ಯ. ಹೋದ ವಾರ ತಡವಾಗಿ ಬಂದು ನನ್ನ ಮಾನ ಕಳೆದೆ. ಇವತ್ತು ಬಸ್ ತುಂಬ ಜನ."

"ಜಾಗ ರೆಡಿ ಇದೆ ತಾನೆ?"

"ಹಾಸಿಗೆ ಸಮೇತ."

ಕಂಬದ ಹಿಂದೆ ಅಕ್ಕ ತಂಗಿಯ ಕಡೆ ತಿರುಗಿದಳು. ಗಂಡ ಕಾಲುದಾರಿ ಹಿಡಿದು ಮರಗಳ ನಡುವೆ ಮರೆಯಾದ. ಬೇರೆಯವರನ್ನು ಆ ದಾರಿಯಲ್ಲಿ ಬಿಡುತ್ತಿರಲಿಲ್ಲ. ಅಕ್ಕತಂಗಿಯರು ಸಫಾರಿ ಬಸ್ ಹತ್ತಿ ಕೊನೆಯ ಸೀಟಿನಲ್ಲಿ ಮುದುರಿ ಕುಳಿತರು.

ಜಿಂಕೆ ಬಂತು, ಕಾಡೆಮ್ಮೆ ಬಂತು. ಎಲ್ಲರೂ ಫೋನ್ ಎತ್ತಿ ಹಿಡಿದರು. ಅಕ್ಕ ಮಾತ್ರ ಪೊದೆಗಳಲ್ಲಿ ನೀಲಿ ಅಂಗಿ ಹುಡುಕುತ್ತಿದ್ದಳು.

"ಇಷ್ಟು ದೂರ ಬಂದು ಬರೀ ಜಿಂಕೆ ನೋಡ್ಕೊಂಡು ಹೋಗ್ಬೇಕಾ?" ಮುಂದಿನ ಸೀಟಿನ ಹಿರಿಯರು ಗೊಣಗಿದರು.

"ಹುಲಿ ಕಾಣಿಸೋದು ನಿಮ್ಮ ಅದೃಷ್ಟ, ಯಜಮಾನ್ರೇ. ಕೇಳಿಸೋದು ನನ್ನ ಜವಾಬ್ದಾರಿ" ಎಂದ ಗೈಡ್.

ಒಂದು ದಟ್ಟ ಬಿದಿರು ಮೆಳೆಯ ಪಕ್ಕದಲ್ಲಿ ಬಸ್ ನಿಂತು ಎಂಜಿನ್ ಆಫ್ ಆಯಿತು. ಮೆಳೆಯ ಹಿಂದೆ ಕಾವಲುಗಾರರ ಗುಡಿಸಲಿನ ಹುಲ್ಲು ಮಾಡು ಕೊನೆಯ ಕಿಟಕಿಗೆ ಮಾತ್ರ ಇಷ್ಟೇ ಇಷ್ಟು ಕಂಡಿತು. ತಂಗಿ ಅಕ್ಕನ ಕೈ ಹಿಸುಕಿದಳು.

ಗೈಡ್ ತುಟಿಗೆ ಬೆರಳಿಟ್ಟ.

ಸದ್ದು ಎದ್ದಿತು. ಆಳದಿಂದ ಗುರುಗುಟ್ಟುತ್ತ ಏರಿತು, ಒಂದು ಗಳಿಗೆ ತಡೆಯಿತು, ಗಾಳಿಯನ್ನೇ ಸೀಳುವಂತೆ ಇಳಿಯಿತು. ಮಕ್ಕಳು ಅಮ್ಮಂದಿರನ್ನು ತಬ್ಬಿಕೊಂಡರು. ಹಿರಿಯರು ಮೆಲ್ಲಗೆ ಕಿಟಕಿ ಎಳೆದುಕೊಂಡರು.

ತಂಗಿಯ ಮುಖ ಬಿಳಿಚಿತು. "ಅಕ್ಕಾ, ಭಾವ ಅಲ್ಲೇ ಇದಾರೆ. ಹುಲಿ..."

ಅಕ್ಕ ಕಣ್ಣು ಮುಚ್ಚಿ ಇನ್ನೊಂದು ಸಲ ಕೇಳಿಸಿಕೊಂಡಳು. ಆಮೇಲೆ ತಂಗಿಯ ಮಡಿಲಿನಿಂದ ಬ್ಯಾಗ್ ಎಳೆದು ತನ್ನ ಮಡಿಲಿಗೆ ಇಟ್ಟುಕೊಂಡಳು.

"ಸುಮ್ನಿರೇ. ನಿನ್ನ ಭಾವ ಅಂಗಾತ ಮಲಗಿದಾರೆ. ಮಗ್ಗುಲಾದ್ರೆ ಗೊರಕೆ ನಿಲ್ಲತ್ತೆ."